ಕೇಳಿದವರ ಬೀದಿ, ಹೇಳಿದವರ ಕೇರಿ

2025ರ ಅಕ್ಟೋಬರ್‌ನಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಗೆ ಹೊರಟವರು ಗಾಂಧಿ ಬಜಾರ್ ಆಸುಪಾಸಿನ ಅಡ್ಡರಸ್ತೆಗಳನ್ನೂ ಹೊಕ್ಕರು. ಕರೆಂಟ್ ಬಿಲ್ಲಿನ ಮೀಟರ್ ರೀಡರ್‌ಗಳು ಮುಂಚೆಯೇ ಬಂದು ಬಾಗಿಲ ಪಕ್ಕ ಚೀಟಿ ಅಂಟಿಸಿ ಹೋಗಿದ್ದರು. ಆಮೇಲೆ ಬಂದವರ ಕೈಲಿ ಮೊಬೈಲು, ಮೊಬೈಲಿನಲ್ಲಿ ಆ್ಯಪ್, ಆ್ಯಪ್‌ನಲ್ಲಿ 60 ಪ್ರಶ್ನೆ. ಧರ್ಮ ಯಾವುದು, ಜಾತಿ ಯಾವುದು, ಉಪಜಾತಿ ಯಾವುದು, ಆಸ್ತಿಪಾಸ್ತಿ ಏನಿದೆ. ‘ಇಷ್ಟೆಲ್ಲ ಯಾಕ್ರೀ ಬೇಕು ನಿಮಗೆ?’ ಎಂದು ಗ್ರಿಲ್ ಬಾಗಿಲ ಹಿಂದಿನಿಂದಲೇ ಕೇಳಿ ವಾಪಸ್ ಕಳಿಸಿದ ಮನೆಗಳು ಬೆಂಗಳೂರಿನಲ್ಲಿ ಕಡಿಮೆಯಿರಲಿಲ್ಲ. ಸಮೀಕ್ಷೆಗೆ ಉತ್ತರ ಕೊಡಲೇಬೇಕೆಂಬ ಬಲವಂತವಿಲ್ಲ ಎಂದು ಹೈಕೋರ್ಟ್ ಸೆಪ್ಟೆಂಬರ್‌ನಲ್ಲೇ ಹೇಳಿತ್ತು. ಕೋಳಿ ಎಷ್ಟು, ಕುರಿ ಎಷ್ಟು, ಒಡವೆ ಎಷ್ಟು ಎಂದು ಪಟ್ಟಣದ ಜನರನ್ನು ಕೇಳಬೇಡಿ ಎಂದು ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅವರೇ ಗಣತಿದಾರರಿಗೆ ತಿಳಿಹೇಳಿದ್ದು ಪತ್ರಿಕೆಗಳಲ್ಲಿ ಬಂತು.

ಮುಜುಗರ ಸುಳ್ಳಲ್ಲ. ಗುರುತಿಲ್ಲದವರು ಹೊಸಿಲ ಮೇಲೆ ನಿಂತು ನಿಮ್ಮ ಮನೆಯೊಳಗಿನ ಸಂಗತಿ ಕೆದಕಿದರೆ ಯಾರಿಗಾದರೂ ಕಸಿವಿಸಿ. ಆದರೆ 1892ರಲ್ಲಿ ಎದ್ದ ಚಾಮರಾಜಪೇಟೆ, 1898ರ ಪ್ಲೇಗಿನ ಹೊತ್ತಿಗೆ ರೂಪುಗೊಂಡ ಬಸವನಗುಡಿ ಮತ್ತು ಮಲ್ಲೇಶ್ವರ, ಈ ಮೂರು ಬಡಾವಣೆಗಳಿಗೆ ಆ ಕಸಿವಿಸಿ ಹೊಸದು. ಕಚೇರಿಯವರು, ವಕೀಲರು, ಮೇಷ್ಟ್ರುಗಳು ತುಂಬಿಕೊಂಡಿದ್ದ ಊರಿನ ಭಾಗ ಇದು. ನೂರು ವರ್ಷ ಈ ಕಡೆಯ ಜನ ಪ್ರಶ್ನೆ ಕೇಳುವ ಕೆಲಸದಲ್ಲಿದ್ದರು. ಉತ್ತರ ಹೇಳುವ ಸರದಿ ಬೇರೆ ಕೇರಿಗಳದ್ದಾಗಿತ್ತು.

ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತಿನ ಅಧ್ಯಕ್ಷರ ಪಟ್ಟಿಯಲ್ಲಿ ಮೊದಲ ಹೆಸರು ಎಚ್.ವಿ. ನಂಜುಂಡಯ್ಯನವರದು. 1915ರಲ್ಲಿ ಪರಿಷತ್ತು ಹುಟ್ಟಿದಾಗ ಅಧ್ಯಕ್ಷರಾದವರು 1920ರಲ್ಲಿ ತೀರಿಕೊಳ್ಳುವವರೆಗೂ ಅದೇ ಜಾಗದಲ್ಲಿದ್ದರು. ಮೊದಲ ಮೂರು ಸಾಹಿತ್ಯ ಸಮ್ಮೇಳನಗಳಿಗೂ ಅವರೇ ಅಧ್ಯಕ್ಷರು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಶುರುವಾದಾಗ ಮೊದಲ ಕುಲಪತಿಯೂ ಅವರೇ. ಕಾನೂನು, ಅರ್ಥಶಾಸ್ತ್ರಗಳನ್ನು ಕನ್ನಡದಲ್ಲಿ ಬರೆಯಬಹುದು ಎಂದು ಬರೆದು ತೋರಿಸಿದ ಮೊದಲಿಗರ ಸಾಲಿನವರು. ಇಷ್ಟೆಲ್ಲ ನಮ್ಮ ಮಕ್ಕಳ ಸಾಮಾನ್ಯಜ್ಞಾನದ ಪುಸ್ತಕಗಳಲ್ಲೂ ಇರುತ್ತದೆ. ಇದೇ ನಂಜುಂಡಯ್ಯನವರು ಮೈಸೂರು ಸಂಸ್ಥಾನದ ಜಾತಿ–ಬುಡಕಟ್ಟುಗಳ ಸಮೀಕ್ಷೆಯ ಮುಖ್ಯಸ್ಥರೂ ಆಗಿದ್ದರು ಎನ್ನುವುದು ಅಷ್ಟಾಗಿ ಯಾರ ಬಾಯಲ್ಲೂ ಬರುವುದಿಲ್ಲ.

ಆ ಸಮೀಕ್ಷೆ ಮೈಸೂರಿನವರ ತಲೆಯಲ್ಲಿ ಹುಟ್ಟಿದ್ದಲ್ಲ. 1901ರ ಜನಗಣತಿಯ ಕಮಿಷನರ್ ಆಗಿದ್ದ ಹರ್ಬರ್ಟ್ ರಿಸ್ಲೆಯ ಒತ್ತಾಯದ ಮೇಲೆ ಭಾರತ ಸರ್ಕಾರ ಇಡೀ ದೇಶಕ್ಕೆ ಇಂಥದೊಂದು ಸಮೀಕ್ಷೆ ಮಂಜೂರು ಮಾಡಿತು. ಪ್ರಾಂತ್ಯಕ್ಕೊಬ್ಬ ಮೇಲ್ವಿಚಾರಕ. ಮದ್ರಾಸಿನಲ್ಲಿ ಅಲ್ಲಿನ ಮ್ಯೂಸಿಯಂ ನೋಡಿಕೊಳ್ಳುತ್ತಿದ್ದ ಎಡ್ಗರ್ ಥರ್ಸ್ಟನ್; ಅವನೂ ಕೆ. ರಂಗಾಚಾರಿಯವರೂ ಕೂಡಿ 1909ರಲ್ಲಿ ಏಳು ಸಂಪುಟ ಹೊರತಂದರು. ಮೈಸೂರಿನಲ್ಲಿ ನಂಜುಂಡಯ್ಯ. ತಮ್ಮ ದೊಡ್ಡ ಹುದ್ದೆಗಳ ಹೊರೆಯ ನಡುವೆಯೇ ಅವರು ಒಂದೊಂದು ಜಾತಿಗೆ ಒಂದೊಂದು ಕಿರುಪುಸ್ತಕದಂತೆ ಬರೆಸುತ್ತ ಹೋದರು. 1906ರಿಂದ ಅವು ಬೆಂಗಳೂರಿನ ಸರ್ಕಾರಿ ಮುದ್ರಣಾಲಯದಲ್ಲಿ ಅಚ್ಚಾಗತೊಡಗಿದವು. ಶುರುವಿನಲ್ಲೇ ಬಂದವುಗಳಲ್ಲಿ ಕುರುಬರ ಮೇಲಿನದೂ ಒಂದು.

ನಂಜುಂಡಯ್ಯನವರು ಹೋದ ಮೇಲೆ ಕೆಲಸ ಪಾಲಕ್ಕಾಡಿನವರಾದ ಎಲ್.ಕೆ. ಅನಂತಕೃಷ್ಣ ಅಯ್ಯರ್ ಅವರ ಕೈಗೆ ಬಂತು. ಕೊಚ್ಚಿಯ ಜಾತಿಗಳ ಮೇಲೆ ಎರಡು ಸಂಪುಟ ಬರೆದು, ಕಲ್ಕತ್ತೆಯಲ್ಲಿ ಮಾನವಶಾಸ್ತ್ರ ಕಲಿಸುತ್ತಿದ್ದವರು. ಇಬ್ಬರ ಹೆಸರಿನಲ್ಲಿ ಮೈಸೂರು ವಿಶ್ವವಿದ್ಯಾನಿಲಯ ‘ಮೈಸೂರ್ ಟ್ರೈಬ್ಸ್ ಅಂಡ್ ಕ್ಯಾಸ್ಟ್ಸ್’ ಎಂಬ ನಾಲ್ಕು ಸಂಪುಟ ಪ್ರಕಟಿಸಿತು. 1928ರಲ್ಲಿ ಎರಡನೆಯದು, 1930ರಲ್ಲಿ ಮೂರನೆಯದು, 1931ರಲ್ಲಿ ನಾಲ್ಕನೆಯದು. ಮೊದಲನೆಯದು ಕೊನೆಗೆ, 1935ರಲ್ಲಿ!

ಜಾತಿಗಳು ಇಂಗ್ಲಿಷ್ ಅಕಾರಾದಿಯಲ್ಲಿ ಬರುತ್ತವೆ. ಒಂದೊಂದರ ಕೆಳಗೂ ಹೆಚ್ಚುಕಡಿಮೆ ಅದೇ ತಲೆಬರಹಗಳು: ಮೂಲ, ಒಳಪಂಗಡ, ಬೆಡಗು, ಮದುವೆ, ತೆರ, ಕೂಡಿಕೆ, ಹೆರಿಗೆ, ಸಾವು, ದೇವರು, ಕಸುಬು, ಊಟ. ಕುರುಬರಲ್ಲಿ ಹತ್ತಿಕಂಕಣದವರು ಯಾರು, ಉಣ್ಣೆಕಂಕಣದವರು ಯಾರು, ಯಾವ ಬೆಡಗಿನವರು ಯಾವುದನ್ನು ಮುಟ್ಟುವುದಿಲ್ಲ, ಹೆಣ್ಣಿಗೆ ತೆರ ಕೊಡುವುದು ಹೇಗೆ, ಇದೆಲ್ಲ ಅದರಲ್ಲಿ ಸಿಗುತ್ತದೆ. ಇಂದು ಊರಿನ ಮುದುಕರಿಗೂ ಮರೆತುಹೋದ ಎಷ್ಟೋ ಶಾಸ್ತ್ರಗಳು ಅಲ್ಲಿ ಉಳಿದಿವೆ. ಆ ಪುಸ್ತಕವನ್ನು ಬಯ್ಯುವ ಮೊದಲು ಇದನ್ನು ಒಪ್ಪಿಕೊಳ್ಳಬೇಕು. ನಂಜುಂಡಯ್ಯನವರದು ಶ್ರದ್ಧೆಯ ಕೆಲಸ, ಥರ್ಸ್ಟನ್‌ನಲ್ಲಿ ಕಾಣುವ ತಮಾಷೆಯ ಚಪಲ ಅದರಲ್ಲಿ ಕಡಿಮೆ.

ಆದರೂ ಓದುತ್ತ ಹೋದಂತೆ ಒಂದು ಸಂಗತಿ ಚುಚ್ಚುತ್ತದೆ. ಸಾಲ–ಪತ್ರ–ವ್ಯವಹಾರಗಳ ಬಗ್ಗೆ ಸಾಮಾನ್ಯರಿಗೆ ತಿಳಿಯಲಿ ಎಂದು ಕನ್ನಡದಲ್ಲಿ ಬರೆದ ಮನುಷ್ಯ, ಆ ಸಾಮಾನ್ಯರ ಬಗ್ಗೆಯೇ ಬರೆಯುವಾಗ ಇಂಗ್ಲಿಷಿಗೆ ಹೋದರು. ಸರ್ಕಾರದ ಕೆಲಸ, ಸರ್ಕಾರದ ಭಾಷೆ. ಬೇರೆ ದಾರಿ ಇರಲಿಲ್ಲ ಎನ್ನಬಹುದು. ಪರಿಣಾಮ ಮಾತ್ರ ಇಷ್ಟು: ಅಗಸರು, ಬೆಸ್ತರು, ಕೊರಚರು, ಹೊಲೆಯರು ಕನ್ನಡದಲ್ಲಿ ಹೇಳಿದ್ದು ಅವರು ಓದಲಾಗದ ಭಾಷೆಯಲ್ಲಿ ಅಚ್ಚಾಗಿ, ಅವರ ಕೈಗೆಟುಕದ ಕಪಾಟುಗಳಲ್ಲಿ ಕೂತಿತು. ‘ನಾವು ಹೀಗೆ ಹೇಳಿರಲಿಲ್ಲ ಸ್ವಾಮಿ’ ಎಂದು ಎದ್ದು ನಿಂತು ಹೇಳುವ ಅವಕಾಶವೇ ಹುಟ್ಟಲಿಲ್ಲ. ಈ ಸಂಪುಟಗಳಲ್ಲಿ ಬ್ರಾಹ್ಮಣರ ಮೇಲೂ ಅಧ್ಯಾಯವಿದೆ. ಆದರೆ ಬರೆದ ಇಬ್ಬರೂ ಬ್ರಾಹ್ಮಣರು. ಸ್ವಂತ ಮನೆಯವರೇ ಬರೆದುಕೊಂಡ ಅಧ್ಯಾಯ ಇಡೀ ಗ್ರಂಥದಲ್ಲಿ ಅದೊಂದೇ.

ಕೇಳುವವರು ಹೇಳುವವರ ನಡುವಿನ ಈ ಅಂತರ ಬ್ರಿಟಿಷರ ಸಮೀಕ್ಷೆಗಿಂತ ಹಳೆಯದು. ಶ್ರೀರಂಗಪಟ್ಟಣದ ಗಂಜಾಂನಲ್ಲಿ ಇಂದಿಗೂ ಅಬ್ಬೆ ದುಬೊವಾ ಹೆಸರಿನ ಚರ್ಚಿದೆ. ಟಿಪ್ಪು ಸತ್ತ ಮೇಲೆ ಮೈಸೂರು ಸೀಮೆಗೆ ಬಂದು, ಪಂಚೆ ಉಟ್ಟು ಪೇಟ ಸುತ್ತಿ, ಜನರ ಬಾಯಲ್ಲಿ ‘ದೊಡ್ಡಸ್ವಾಮಿಯವರು’ ಎನ್ನಿಸಿಕೊಂಡ ಫ್ರೆಂಚ್ ಪಾದ್ರಿ. ಹಿಂದೂಗಳ ಆಚಾರ ವಿಚಾರಗಳ ಮೇಲೆ ಅವನು ಸಿದ್ಧಪಡಿಸಿದ ಹಸ್ತಪ್ರತಿಯನ್ನು ಮೈಸೂರಿನ ಹಂಗಾಮಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ಮೇಲಿನವರಿಗೆ ಕಳಿಸಿದ. ಕಂಪನಿ ಸರ್ಕಾರ 2,000 ವರಾಹ ಕೊಟ್ಟು ಕೊಂಡಿತು. 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾದ ಮೇಲೆ ಬಹುಕಾಲ ಅದು ಭಾರತಕ್ಕೆ ಬರುವ ಸಾಹೇಬರ ಕೈಪಿಡಿಯಾಗಿತ್ತು. 1980ರ ದಶಕದಲ್ಲಿ ಸಿಲ್ವಿಯಾ ಮುರ್ ಎಂಬ ಫ್ರೆಂಚ್ ವಿದುಷಿ ಹಳೆಯ ಕಾಗದಗಳನ್ನು ಕೆದಕಿದಾಗ ತಿಳಿದದ್ದು, ದುಬೊವಾ ತನ್ನದೆಂದು ಮಾರಿದ ಪುಸ್ತಕದ ದೊಡ್ಡ ಪಾಲು ಕೂರ್ದೂ ಎಂಬ ಇನ್ನೊಬ್ಬ ಪಾದ್ರಿ ಹಿಂದೆಯೇ ಬರೆದಿಟ್ಟಿದ್ದರ ನಕಲು ಎಂದು. ಎಂಥ ವ್ಯಾಪಾರ ನೋಡಿ: ಆಚಾರ ಒಬ್ಬರದು, ಬರೆದವನು ಇನ್ನೊಬ್ಬ, ವರಾಹ ಎಣಿಸಿಕೊಂಡವನು ಮೂರನೆಯವನು.

ದುಬೊವಾ ಪೆನ್ನು ಹಿಡಿದಿದ್ದ. ರಿಸ್ಲೆಯ ಕಾಲಕ್ಕೆ ಅಳತೆ ಉಪಕರಣ ಬಂತು. ಮೂಗಿನ ಅಗಲವನ್ನು ಉದ್ದದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಬರುವ ಅಂಕಿಯನ್ನು ರಿಸ್ಲೆ ಬಲವಾಗಿ ನಂಬಿದ್ದ. ಮೂಗು ಅಗಲವಾದಷ್ಟೂ ಜಾತಿ ಕೆಳಗಿನದು ಎನ್ನುವುದು ಅವನ ಸಿದ್ಧಾಂತ. 1901ರಲ್ಲೇ ಟಿ.ಎಚ್. ಹಾಲೆಂಡ್ ಎಂಬವನು ಕೊಡಗಿನ ಕೊಡವರನ್ನೂ ಯರವರನ್ನೂ ಅಳೆದು, ಇಬ್ಬರನ್ನೂ ಎದುರುಬದುರು ನಿಲ್ಲಿಸಿ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಬಂಧ ಬರೆದ. ಹಾಲೆಂಡ್‌ನ ಕಸುಬು ಭೂಗರ್ಭಶಾಸ್ತ್ರ. ಕಲ್ಲು ನೋಡಲು ಬಂದವನು ಮನುಷ್ಯರನ್ನೂ ಅಳೆದು ಹೋದ. ತಪ್ಪೆಂದು ಯಾರಿಗೂ ಅನ್ನಿಸಲಿಲ್ಲ. ಅಳತೆಗೆ ನಿಂತ ಯರವ ಆಳಿಗೆ ಬೇಡ ಎನ್ನುವ ಅಧಿಕಾರ ಇತ್ತೇ ಎಂದು ಯಾರೂ ಕೇಳಲಿಲ್ಲ.

ರಿಸ್ಲೆಯ ಮೂಗಿನ ಲೆಕ್ಕ ಹೆಚ್ಚು ದಿನ ನಿಲ್ಲಲಿಲ್ಲ. ಅಮೆರಿಕದಲ್ಲಿ ಫ್ರಾಂಜ್ ಬೊವಾಸ್ ವಲಸೆ ಬಂದವರ ಮಕ್ಕಳ ತಲೆ ಅಳೆದು, ಒಂದೇ ತಲೆಮಾರಿನಲ್ಲಿ ತಲೆಯ ಆಕಾರ ಬದಲಾಗುವುದನ್ನು 1911ರ ಹೊತ್ತಿಗೆ ತೋರಿಸಿದ್ದ. ಇಲ್ಲಿ ಮುಂಬಯಿಯ ಜಿ.ಎಸ್. ಘುರ್ಯೆ 1932ರಲ್ಲಿ ರಿಸ್ಲೆಯ ಅಂಕಿಗಳನ್ನೇ ಮತ್ತೆ ಕೂಡಿಸಿ ಕಳೆದು, ಉತ್ತರದ ಒಂದು ಪ್ರದೇಶ ಬಿಟ್ಟರೆ ಉಳಿದೆಡೆ ಮೂಗಿಗೂ ಜಾತಿಯ ಮೇಲುಕೀಳಿಗೂ ನಂಟಿಲ್ಲ ಎಂದು ತೋರಿಸಿದರು. ವಿಷಯ ಅಲ್ಲಿಗೆ ಮುಗಿಯಬೇಕಿತ್ತು.

ಮುಗಿಯಲಿಲ್ಲ. 1935ರಲ್ಲಿ ಬಂದ ಮೈಸೂರಿನ ಮೊದಲ ಸಂಪುಟವನ್ನು ತೆರೆದರೆ ಭಾರತದ ಜನಾಂಗ ಇತಿಹಾಸದಲ್ಲಿ ಮೈಸೂರಿನ ಸ್ಥಾನ ಎಂಬ ಉದ್ದನೆಯ ಬರಹ ಎದುರಾಗುತ್ತದೆ. ಬರೆದವನು ಎಗಾನ್ ಫಾನ್ ಐಕ್‌ಸ್ಟೆಟ್. 1926ರಿಂದ 1929ರವರೆಗೆ ಭಾರತ ಸುತ್ತಿ, ಸಿಕ್ಕವರನ್ನೆಲ್ಲ ಅಳೆದು, ಮುಂದಿನಿಂದಲೂ ಪಕ್ಕದಿಂದಲೂ ಫೋಟೊ ತೆಗೆದುಕೊಂಡು ಹೋದ ಜರ್ಮನ್. ನಮ್ಮವರನ್ನು ಅವನು ವೆಡ್ಡಿಡ್, ಮೆಲನಿಡ್, ಇಂಡಿಡ್ ಎಂದು ವಿಂಗಡಿಸಿದ. ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲೆ ಬ್ರೆಸ್ಲಾವ್ ವಿಶ್ವವಿದ್ಯಾನಿಲಯದಲ್ಲಿ ಪ್ರೊಫೆಸರ್ ಆಗಿ ಕೂತು ಜನಾಂಗಶಾಸ್ತ್ರದ ಪತ್ರಿಕೆ ನಡೆಸಿದ. ಯಾರು ‘ಶುದ್ಧ’ ಮೂಲದವರು, ಯಾರು ಯಹೂದಿಗಳು ಎಂದು ಸರ್ಕಾರಕ್ಕೆ ಬೇಕಾದ ವಂಶಪರೀಕ್ಷೆಯ ವರದಿಗಳು ಅವನ ಸಂಸ್ಥೆಯಿಂದ ಹೋಗುತ್ತಿದ್ದವು. ಆ ವರದಿಯ ಮೇಲೆ ಒಬ್ಬ ಮನುಷ್ಯನ ಬದುಕು ಸಾವು ನಿಂತಿರುತ್ತಿತ್ತು. ಯುದ್ಧ ಮುಗಿದದ್ದೇ ತಡ ಮೈನ್ಸ್ ಊರಿನಲ್ಲಿ ಮತ್ತೆ ಪ್ರೊಫೆಸರ್. ಅಂಥವನ ಬರಹ ನಮ್ಮ ಜಾತಿ ಸಂಪುಟಗಳ ಬಾಗಿಲಲ್ಲೇ ಇದೆ, ಯಾವ ಅಡಿಟಿಪ್ಪಣಿಯೂ ಇಲ್ಲದೆ. ಅನಂತಕೃಷ್ಣ ಅಯ್ಯರ್ 1937ರಲ್ಲಿ ತೀರಿಕೊಂಡರು. ಮುಂದೆ ಆದದ್ದು ಅವರಿಗೆ ಗೊತ್ತಾಗಲಿಲ್ಲ. ನಮಗೆ ಗೊತ್ತಿದೆ.

ಇವೆಲ್ಲ ಪುಸ್ತಕದ ಮಾತಾಯಿತು. ಪುಸ್ತಕ ಬೇಲಿಯಾದ ಜಾಗವೊಂದು ಹುಬ್ಬಳ್ಳಿಯಲ್ಲಿದೆ, ಹೆಸರೇ ಸೆಟ್ಲಮೆಂಟ್. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಕೆಲವು ಜಾತಿಗಳನ್ನು ಹುಟ್ಟುಗಳ್ಳರೆಂದು ಪಟ್ಟಿ ಮಾಡಿತು. ಹುಟ್ಟಿನಿಂದಲೇ ಕಸುಬು, ಕಸುಬಿನಿಂದಲೇ ಸ್ವಭಾವ ಎನ್ನುವ ವಿದ್ವಾಂಸರ ತರ್ಕವನ್ನು ಪೊಲೀಸರು ಅಕ್ಷರಶಃ ಎತ್ತಿಕೊಂಡರು. ಮುಂಬಯಿ ಪ್ರಾಂತ್ಯದಲ್ಲಿ ಇಂಥವರನ್ನು ಕುಟುಂಬಸಮೇತ ಸೆಟ್ಲಮೆಂಟುಗಳಿಗೆ ತಂದು ಹಾಕಿದರು. ಹುಬ್ಬಳ್ಳಿ, ವಿಜಯಪುರದವು ಅವುಗಳಲ್ಲಿ ಸೇರಿವೆ. ಹಾಜರಿ ಹಾಕಬೇಕು, ಹೊರಗೆ ಹೋಗಲು ಪಾಸು ಬೇಕು, ಸುತ್ತ ಬೇಲಿ, ಮಿಲ್ಲಿನಲ್ಲಿ ಕೂಲಿ. ಸ್ವಾತಂತ್ರ್ಯ ಬಂದು ಐದು ವರ್ಷಗಳ ಮೇಲೆ, 1952ರ ಆಗಸ್ಟ್ 31ರಂದು ಕಾಯ್ದೆ ರದ್ದಾಯಿತು. ಬೇಲಿ ಹೋಯಿತು, ಹೆಸರು ಹೋಗಲಿಲ್ಲ. ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ಇವತ್ತಿಗೂ ಗಂಟಿಚೋರ ಎಂಬ ನಮೂದು ಇದೆ. ಆ ಸಮುದಾಯದ ಹುಡುಗಿಗೆ ವಿದ್ಯಾರ್ಥಿವೇತನ ಬೇಕೆಂದರೆ ತಾನು ಗಂಟುಕಳ್ಳರ ಮಗಳು ಎಂಬ ಸರ್ಟಿಫಿಕೇಟನ್ನು ತಹಸೀಲ್ದಾರರ ಸಹಿಯೊಡನೆ ತಂದು ಕೊಡಬೇಕು. ಆಕ್ಷೇಪಿಸಿ ಹೆಸರು ಬಿಟ್ಟರೆ ಸೌಲಭ್ಯವೂ ಬಿಟ್ಟಂತೆ.

ಮಾನವಶಾಸ್ತ್ರ ಬಿಟ್ಟುಹೋದ ತೊಡಕೆಂದರೆ ನನಗೆ ಇದೇ. ಮೂಗು ಅಳೆದ ಸಾಹೇಬನನ್ನು ಬಯ್ಯುವುದು ಸುಲಭ, ಅವನು ಎಂದೋ ಹೋದ. ಅವನು ಕೊಟ್ಟ ಹೆಸರು, ಅವನು ಹಾಕಿದ ಕಲಂ, ಅವನು ಕಂಡ ‘ಲಕ್ಷಣ’ ಇವು ಬಡವನ ಕೈಯ ದಾಖಲೆಯಾಗಿ ಉಳಿದಿವೆ. ಕಿತ್ತೆಸೆಯಲು ಬಾರದು.

ಹೆಸರಿನ ಜಗಳ ಆ ಕಾಲದಲ್ಲೂ ಇತ್ತು, ಆಗ ಅದರ ದಿಕ್ಕು ಬೇರೆ. ಜನಗಣತಿಯವರು ತಮ್ಮನ್ನು ಶೂದ್ರರ ಸಾಲಿಗೆ ಹಾಕಿದ್ದನ್ನು ಲಿಂಗಾಯತ ಮುಖಂಡರು 19ನೇ ಶತಮಾನದ ಕೊನೆಯಲ್ಲೇ ಪ್ರತಿಭಟಿಸಿದ್ದರು. ಅಕ್ಕಸಾಲಿ ಬಡಗಿಗಳು ವಿಶ್ವಕರ್ಮರೆಂದರು. ಬೆಸ್ತರು ಗಂಗಾಮತಸ್ಥರೆಂದರು. ಲಾಲ್‌ಬಾಗಿನ ಸುತ್ತಮುತ್ತ ತೋಟ ಮಾಡಿ ಬೆಂಗಳೂರಿಗೆ ಹೂವು ತರಕಾರಿ ಬೆಳೆದುಕೊಟ್ಟ, ಕರಗ ಹೊರುವ ತಿಗಳರು ತಮ್ಮನ್ನು ವಹ್ನಿಕುಲ ಕ್ಷತ್ರಿಯರು ಎಂದು ಕರೆದುಕೊಂಡರು. 1904ರಲ್ಲಿ ವೀರಶೈವ ಮಹಾಸಭಾ, 1906ರಲ್ಲಿ ಒಕ್ಕಲಿಗರ ಸಂಘ ಹುಟ್ಟಿದ ಕಾಲ ಅದು. ಸಮೀಕ್ಷೆಯವರು ಕೊಟ್ಟ ಪಟ್ಟಿಯಲ್ಲಿ ಒಂದು ಮೆಟ್ಟಿಲು ಮೇಲೆ ಹತ್ತುವ ಆಸೆ ಎಲ್ಲರದು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಲೆಸ್ಲಿ ಮಿಲ್ಲರ್ ಸಮಿತಿ ನೇಮಿಸಿದರು. ಬ್ರಾಹ್ಮಣೇತರರಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಸಿಗಬೇಕು ಎಂಬ ತೀರ್ಮಾನ 1921ರಲ್ಲಿ ಆದೇಶವಾಯಿತು. ಅಲ್ಲಿಂದ ಲೆಕ್ಕ ತಿರುಗಿತು. ಗೇಟಿನ ಮೇಲಿನ ಬೋರ್ಡಿಗೆ ಕ್ಷತ್ರಿಯ ಹೆಸರು, ಅರ್ಜಿಗೆ ಹಿಂದುಳಿದ ವರ್ಗದ ಹೆಸರು. ನಗುವವರು ನಗುತ್ತಾರೆ. ನಗುವವರಿಗೆ ಎರಡು ಹೆಸರಿನ ಅಗತ್ಯ ಬಿದ್ದಿರುವುದಿಲ್ಲ.

ನಂಜುಂಡಯ್ಯನವರಿಗೂ ಇಂದಿಗೂ ನಡುವೆ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಬರುತ್ತಾರೆ. 1916ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಘುರ್ಯೆಯವರ ಕೈಕೆಳಗೆ ಓದಿ, ಆಕ್ಸ್‌ಫರ್ಡಿಗೆ ಹೋಗಿ, ಕೊಡವರ ಮೇಲೆ 1952ರಲ್ಲಿ ಪುಸ್ತಕ ತಂದು ಜಗತ್ತಿಗೆ ಹೆಸರಾದವರು. ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು 1999ರಲ್ಲಿ ತೀರಿಕೊಂಡರು. ಮೈಸೂರಿನ ತಮ್ಮ ಮನೆಯ ಹಿಂದೆಯೇ ಇದ್ದ ಬಂಡಿಕೇರಿ ಎಂಬ ಕುರುಬರ ಕೇರಿಯನ್ನು ಹುಡುಗನಾಗಿ ಹೊಕ್ಕಾಗ ಬೇರೊಂದು ಲೋಕಕ್ಕೆ ಬಂದಂತಾಯಿತು ಎಂದು ಅವರೇ ಬರೆದುಕೊಂಡಿದ್ದಾರೆ. ಹಿತ್ತಲು ದಾಟಿದರೆ ಸಿಗುವ ಕೇರಿ ಅಷ್ಟು ದೂರವಿತ್ತು.

1948ರಲ್ಲಿ ಮೈಸೂರಿನ ಬಳಿಯ ಹಳ್ಳಿಯೊಂದರಲ್ಲಿ ಹೋಗಿ ನೆಲೆಸಿದರು. ಪುಸ್ತಕದಲ್ಲಿ ಅದರ ಹೆಸರು ರಾಮಪುರ, ನಿಜವಾದದ್ದು ಕೊಡಗಹಳ್ಳಿ. ಅವರ ಅಳತೆಗೆ ಉಪಕರಣ ಇರಲಿಲ್ಲ. ಜೊತೆಗೆ ಇದ್ದು, ನೋಡಿ, ಕೇಳಿ ಬರೆದುಕೊಳ್ಳುವ ಪದ್ಧತಿ. ಹಾಗೆ ಇರಲು ಹೋದವರಿಗೆ ಆದದ್ದು ಸ್ವಾರಸ್ಯದ್ದು. ಬ್ರಾಹ್ಮಣ ಮನುಷ್ಯ ಸ್ನಾನ ಮಾಡಿದ ಮೇಲೆ ಕ್ಷೌರ ಮಾಡಿಕೊಳ್ಳುತ್ತಾನಲ್ಲ ಎಂದು ಒಕ್ಕಲಿಗ ಪಟೇಲರಿಗೆ ಕಸಿವಿಸಿಯಾಯಿತು. ಮೊದಲು ಕ್ಷೌರ, ಆಮೇಲೆ ಸ್ನಾನ ಎಂದು ತಿದ್ದಿದರು. ಶಾಸ್ತ್ರ ಕೇಳಿ ಬರೆದುಕೊಳ್ಳಲು ಬಂದವನಿಗೆ ಅವನದೇ ಶಾಸ್ತ್ರದ ಪಾಠ! ನಂಜುಂಡಯ್ಯನವರ ಸಂಪುಟಗಳಲ್ಲಿ ಇಂಥದ್ದೊಂದು ನಡೆಯುವುದು ಸಾಧ್ಯವೇ ಇರಲಿಲ್ಲ. ಶ್ರೀನಿವಾಸರ ದೊಡ್ಡತನ ಇರುವುದು ಇದನ್ನು ಬರೆದಿಟ್ಟದ್ದರಲ್ಲಿ. ಪ್ರಬಲ ಜಾತಿ, ಸಂಸ್ಕೃತೀಕರಣ, ವೋಟ್‌ಬ್ಯಾಂಕ್ ಎಂಬ ಮಾತುಗಳು ಅವರ ಬರಹದಿಂದ ಹೊರಟು ಇವತ್ತು ಟೀವಿ ಚರ್ಚೆಯವರೆಗೆ ಬಂದಿವೆ. 1970ರ ಏಪ್ರಿಲ್ 24ರಂದು ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಯುದ್ಧವಿರೋಧಿ ಗಲಾಟೆಯ ದಿನಗಳಲ್ಲಿ ಯಾರೋ ಹಚ್ಚಿದ ಬೆಂಕಿಯಲ್ಲಿ ಅವರು ಸಂಸ್ಕರಿಸಿಟ್ಟಿದ್ದ ಟಿಪ್ಪಣಿಗಳು ಸುಟ್ಟುಹೋದವು. ನೆನಪಿನಿಂದ ಬರೆದ ರಾಮಪುರದ ಪುಸ್ತಕ 1976ರಲ್ಲಿ ಬಂತು. ಆ ನೆನಪಿನಲ್ಲಿ ಪಟೇಲರ ಜಗಲಿ ಢಾಳಾಗಿದೆ, ಹೊಲಗೇರಿ ಮಸುಕಾಗಿದೆ. ತಾನು ಊರನ್ನು ಕಂಡದ್ದು ಮೇಲ್ಜಾತಿಯವರ, ಜಮೀನಿದ್ದವರ ಕಡೆಯಿಂದ ಎಂದು ಅವರು ಮುಚ್ಚಿಡದೆ ಹೇಳಿಕೊಂಡರು. ಹೇಳಿಕೊಂಡದ್ದು ಪ್ರಾಮಾಣಿಕತೆ, ಕೇರಿಯ ಕಥೆ ಮಾತ್ರ ಹಾಗೇ ಉಳಿಯಿತು.

ಇನ್ನು ಈಗಿನ ಮಾತು. ಪತ್ರಿಕೆ ಓದುವ ಕನ್ನಡಿಗರಿಗೆ ಕುಲಶಾಸ್ತ್ರೀಯ ಅಧ್ಯಯನ ಎಂಬ ಪದ ಚೆನ್ನಾಗಿ ಗೊತ್ತು. ಯಾವುದಾದರೂ ಸಮುದಾಯ ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಎಂದಾಗ ಸರ್ಕಾರ ಮೊದಲು ಮಾಡಿಸುವುದು ಅದನ್ನೇ. ಸಾಮಾನ್ಯವಾಗಿ ಮೈಸೂರಿನ ಬುಡಕಟ್ಟು ಸಂಶೋಧನಾ ಸಂಸ್ಥೆಗೆ ಕೆಲಸ ಹೋಗುತ್ತದೆ. ಅಲ್ಲಿಂದ ರಾಜ್ಯದ ಶಿಫಾರಸು, ಆಮೇಲೆ ದೆಹಲಿಯ ರಿಜಿಸ್ಟ್ರಾರ್ ಜನರಲ್ ಕಚೇರಿ, ಆಮೇಲೆ ಪರಿಶಿಷ್ಟ ಪಂಗಡಗಳ ಆಯೋಗ, ಕೊನೆಗೆ ಸಂಸತ್ತು. ರಿಜಿಸ್ಟ್ರಾರ್ ಜನರಲ್ ಎಂದರೆ ಜನಗಣತಿಯ ಮುಖ್ಯಸ್ಥರು. ರಿಸ್ಲೆ ಕೂತಿದ್ದ ಕುರ್ಚಿಯ ವಾರಸುದಾರರು ಎನ್ನಿ. ಪರೀಕ್ಷೆಯ ಮಾನದಂಡ 1965ರಲ್ಲಿ ಲೋಕೂರ್ ಸಮಿತಿ ಹಾಕಿಕೊಟ್ಟದ್ದು: ಆದಿಮ ಲಕ್ಷಣ, ವಿಶಿಷ್ಟ ಸಂಸ್ಕೃತಿ, ಭೌಗೋಳಿಕ ಪ್ರತ್ಯೇಕತೆ, ಹೊರಗಿನವರೊಡನೆ ಬೆರೆಯಲು ಅಂಜಿಕೆ, ಹಿಂದುಳಿದಿರುವಿಕೆ.

ಈ ಐದನ್ನು ಸಾಬೀತು ಮಾಡುವ ಬಗೆ ಯೋಚಿಸಿ. ಮಗ ಎಂಜಿನಿಯರಿಂಗ್ ಓದಬೇಕೆಂದು ಬಯಸುವ ತಂದೆ, ನಾವಿನ್ನೂ ಹೊರಗಿನವರನ್ನು ಕಂಡರೆ ಅಂಜುತ್ತೇವೆ ಎಂದು ಅಧ್ಯಯನಕ್ಕೆ ಬಂದವರ ಮುಂದೆ ತೋರಿಸಬೇಕು. ಬಿಟ್ಟುಹೋದ ಶಾಸ್ತ್ರವನ್ನು ಕ್ಯಾಮೆರಾಗಾಗಿ ಹೊರತೆಗೆಯಬೇಕು. ಅದಕ್ಕೆ ಪುರಾವೆ ಎಲ್ಲಿ? ಥರ್ಸ್ಟನ್‌ನಲ್ಲಿ, ನಂಜುಂಡಯ್ಯ–ಅಯ್ಯರ್ ಸಂಪುಟಗಳಲ್ಲಿ, ಹಳೆಯ ಗೆಜೆಟಿಯರ್‌ಗಳಲ್ಲಿ. ಓದಲು ಬಾರದ ಭಾಷೆಯಲ್ಲಿ ಮುತ್ತಜ್ಜನ ಬಗ್ಗೆ ಬರೆದ ವಾಕ್ಯವನ್ನು ಇವತ್ತು ಮರಿಮಗ ಜೆರಾಕ್ಸ್ ಮಾಡಿಸಿ ಅರ್ಜಿಗೆ ಲಗತ್ತಿಸುತ್ತಾನೆ. ಸಾಹೇಬ ಹೀನಾಯವಾಗಿ ಬರೆದಷ್ಟೂ ಅರ್ಜಿ ಗಟ್ಟಿ.

ಕುರುಬರನ್ನೇ ತೆಗೆದುಕೊಳ್ಳಿ. ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂದು 2021ರ ಆರಂಭದಲ್ಲಿ ಕಾಗಿನೆಲೆಯಿಂದ ಬೆಂಗಳೂರಿಗೆ ದೊಡ್ಡ ಪಾದಯಾತ್ರೆ ಬಂತು. ಕುಲಶಾಸ್ತ್ರೀಯ ಅಧ್ಯಯನವೂ ನಡೆಯಿತು. ಪಟ್ಟಿ ನೋಡಿದರೆ ಜೇನು ಕುರುಬ, ಕಾಡು ಕುರುಬ ಎಲ್ಲೆಡೆ ಪಂಗಡದಲ್ಲಿದ್ದಾರೆ. ಕುರುಬ ಎಂಬ ಹೆಸರೂ ಇದೆ, ಆದರೆ ಕೊಡಗು ಜಿಲ್ಲೆಗೆ ಮಾತ್ರ! ಕೊಡಗು 1956ರವರೆಗೆ ಬೇರೆ ರಾಜ್ಯವಾಗಿತ್ತು, ಅದರ ಪಟ್ಟಿ ಬೇರೆ ಇತ್ತು, ಅದು ಹಾಗೇ ಉಳಿದುಬಂತು. ಜಿಲ್ಲೆಯ ಗಡಿ ದಾಟಿ ಹುಣಸೂರಿಗೆ ಬಂದರೆ ಅದೇ ಹೆಸರಿನವರು ಹಿಂದುಳಿದ ವರ್ಗಗಳ 2ಎ ಪಟ್ಟಿಯವರು. ಹೆಸರು ಒಂದೇ ಆದರೂ ಇವರೂ ಅವರೂ ಒಂದೇ ಜನ ಅಲ್ಲ ಎಂದು ಒಂದು ವಾದ, ಒಂದೇ ಬೇರಿನವರು ಎಂದು ಇನ್ನೊಂದು. ಬೆಟ್ಟ ಕುರುಬ ಎಂಬ ಹೆಸರನ್ನು ಕಾಡು ಕುರುಬದ ಪರ್ಯಾಯವಾಗಿ ಸೇರಿಸುವ ಮಸೂದೆಯನ್ನು ಲೋಕಸಭೆ ಒಪ್ಪಲು 2022ರ ಡಿಸೆಂಬರ್ ಬರಬೇಕಾಯಿತು. ಆ ಜನ ಅಲ್ಲಿಯವರೆಗೂ ಕಾಡಿನಲ್ಲೇ ಇದ್ದರು, ಕಾಗದದಲ್ಲಿ ಇರಲಿಲ್ಲ. ಹಾಲೆಂಡ್ ಅಳೆದು ಯರವರಿಂದ ಬೇರೆಯಾಗಿ ನಿಲ್ಲಿಸಿದ ಕೊಡವರ ನಡುವೆಯೂ ಈಗ ತಮಗೆ ಬುಡಕಟ್ಟು ಸ್ಥಾನಮಾನ ಬೇಕು, ಕುಲಶಾಸ್ತ್ರೀಯ ಅಧ್ಯಯನ ಆಗಬೇಕು ಎಂದು ಕೇಳುವ ಸಂಘಟನೆಯಿದೆ.

ಅಳೆಯುವ ಚಾಳಿಯೂ ಪೂರ್ತಿ ಹೋಗಿಲ್ಲ. 1980ರ ದಶಕದ ಕೊನೆಯಲ್ಲಿ ಕ್ರೀಡಾ ಪ್ರಾಧಿಕಾರದವರು ಉತ್ತರ ಕನ್ನಡದ ಸಿದ್ದಿ ಮಕ್ಕಳನ್ನು ಅಥ್ಲೆಟಿಕ್ಸ್ ತರಬೇತಿಗೆ ಆರಿಸಿ ಕರೆದೊಯ್ದರು. ಪೂರ್ವಿಕರು ಆಫ್ರಿಕಾದಿಂದ ಬಂದವರಾದ್ದರಿಂದ ಓಟ ರಕ್ತದಲ್ಲೇ ಇದೆ ಎಂಬ ಲೆಕ್ಕಾಚಾರ. ಹುಡುಗರು ಓಡಿದರು, ಪದಕವನ್ನೂ ತಂದರು, ಕೆಲವರಿಗೆ ನೌಕರಿ ಸಿಕ್ಕಿತು, ಒಳ್ಳೆಯದೇ ಆಯಿತು. ಆದರೆ 1993ರ ಹೊತ್ತಿಗೆ ಯೋಜನೆ ನಿಂತಾಗ ಉಳಿದವರು ಯಲ್ಲಾಪುರ, ಹಳಿಯಾಳದ ಕೂಲಿಗೆ ಮರಳಿದರು. ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದು 2003ರಲ್ಲಿ. ರಕ್ತದ ಬಗ್ಗೆ ತೋರಿದ ಅವಸರವನ್ನು ಹಕ್ಕಿನ ಬಗ್ಗೆ ಯಾರೂ ತೋರಲಿಲ್ಲ. 2022ರಲ್ಲಿ ಡಿಎನ್ಎ ಮೂಲಕ ಜನಾಂಗಗಳ ‘ಶುದ್ಧತೆ’ ನೋಡುವ ಯೋಜನೆಗೆ ಕೇಂದ್ರದ ಸಂಸ್ಕೃತಿ ಸಚಿವಾಲಯ ಹಣ ಕೊಡಲಿದೆ ಎಂಬ ಪತ್ರಿಕಾ ವರದಿ ಬಂದು ಗದ್ದಲವಾಯಿತು. ಸಚಿವಾಲಯ ಅಲ್ಲಗಳೆಯಿತು. ನೂರಕ್ಕೂ ಹೆಚ್ಚು ವಿಜ್ಞಾನಿಗಳು, ಇತಿಹಾಸಕಾರರು ಬಹಿರಂಗ ಪತ್ರ ಬರೆದರು.

ಹಾಗಾದರೆ ಕೇಳುವುದನ್ನೇ ಬಿಡಬೇಕೆ? ಗ್ರಿಲ್ ಬಾಗಿಲ ಹಿಂದಿನವರ ವಾದ ಹೆಚ್ಚುಕಡಿಮೆ ಅದೇ. ನಾನು ಒಪ್ಪುವುದಿಲ್ಲ. ಎಣಿಸದಿದ್ದರೆ ಯಾರ ಪಾಲಿಗೆ ಎಷ್ಟು ಬಂದಿದೆ ಎಂದು ತಿಳಿಯುವುದಿಲ್ಲ, ತಿಳಿಯದಿದ್ದರೆ ಲಾಭ ಯಾರಿಗೆ ಎನ್ನುವುದು ಹಿಂದುಳಿದ ವರ್ಗಗಳ ಹಾವನೂರ ಆಯೋಗದ 1975ರ ವರದಿ ಓದಿದವರಿಗೆ ಗೊತ್ತು. ಕೇಳುವುದು ತಪ್ಪಲ್ಲ. ಒಂದೇ ಕಡೆಯವರು ಕೇಳುತ್ತ ಹೋದದ್ದು, ಬರೆದದ್ದನ್ನು ಹೇಳಿದವರಿಗೆ ಓದಿ ತೋರಿಸದೆ ಹೋದದ್ದು ತಪ್ಪು. 1990ರ ದಶಕದಲ್ಲಿ ಬರಗೂರು ರಾಮಚಂದ್ರಪ್ಪನವರ ಕಾಲದ ಸಾಹಿತ್ಯ ಅಕಾಡೆಮಿ ಉಪಸಂಸ್ಕೃತಿ ಮಾಲೆ ಹೊರತಂದಾಗ, ಸಮುದಾಯಗಳ ಬಗ್ಗೆ ಕನ್ನಡದಲ್ಲೇ ಬರೆಯುವ ಹೊಸ ಸಾಲೊಂದು ಎದ್ದಿತು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಆ ಕೆಲಸವನ್ನು ಮುಂದುವರಿಸಿತು. ಸಿದ್ದಲಿಂಗಯ್ಯನವರು ಆತ್ಮಕಥೆ ‘ಊರುಕೇರಿ’ಯಲ್ಲಿ ತಮ್ಮ ಕೇರಿಯನ್ನು ತಾವೇ ಬರೆದಾಗ, ಓದಿದವರು ನಕ್ಕು ನಕ್ಕು ಆಮೇಲೆ ಸುಮ್ಮನಾದರು. ಅಂಥ ನಗು ಯಾವ ಜಾತಿ ಸಂಪುಟದಲ್ಲೂ ಇಲ್ಲ, ಇರಲು ಸಾಧ್ಯವಿಲ್ಲ.

ನನ್ನದೊಂದು ಸಲಹೆ ಇದೆ. ಪರಿಷತ್ತು ತನ್ನ ಮೊದಲ ಅಧ್ಯಕ್ಷರ ಆ ನಾಲ್ಕು ಸಂಪುಟಗಳನ್ನು ಕನ್ನಡದಲ್ಲಿ ಹೊಸದಾಗಿ ಅಚ್ಚು ಹಾಕಲಿ. ಎಡಪುಟದಲ್ಲಿ ಹಳೆಯ ಬರಹ. ಬಲಪುಟವನ್ನು ಆಯಾ ಸಮುದಾಯದವರಿಗೆ ಬಿಟ್ಟುಕೊಡಲಿ. ಒಪ್ಪುವುದನ್ನು ಒಪ್ಪಲಿ, ಅಲ್ಲ ಎನ್ನುವುದನ್ನು ಅಲ್ಲ ಎನ್ನಲಿ, ಬಯ್ಯುವುದಿದ್ದರೆ ಬಯ್ಯಲಿ. ಐಕ್‌ಸ್ಟೆಟ್‌ನ ಬರಹದ ಎದುರಿಗೆ ಬ್ರೆಸ್ಲಾವ್‌ನಲ್ಲಿ ಅವನು ಮಾಡಿದ ಕೆಲಸದ ವಿವರ ಇರಲಿ. ಅಗಸರ, ಬೆಸ್ತರ, ಕುರುಬರ, ತಿಗಳರ ಬಲಪುಟಕ್ಕೆ ಬರೆಯುವವರು ಇವತ್ತು ಬೇಕಾದಷ್ಟು ಜನ ಇದ್ದಾರೆ. ಬ್ರಾಹ್ಮಣರ ಅಧ್ಯಾಯದ ಬಲಪುಟ ಮಾತ್ರ ಒಳಗಿನವರಿಗೆ ಕೊಡಬಾರದು, ಅವರು ಎಡಪುಟವನ್ನಾಗಲೇ ಬರೆದುಕೊಂಡಿದ್ದಾರೆ. ಅದಕ್ಕೆ ರಾಮಪುರದ ಪಟೇಲರ ಮೊಮ್ಮಕ್ಕಳನ್ನೋ, ಬಂಡಿಕೇರಿಯವರನ್ನೋ ಕೇಳಬಹುದು.